ಎಲ್‌ಇಡಿ ಬಲ್ಬ್ ಕೊಳ್ಳುವ ಮೊದಲು ಹೋಲ್ಡರ್ ಕಡೆ ನೋಡಿ

ಅಂಗಡಿಗೆ ಹೋಗಿ ಎಲ್‌ಇಡಿ ಬಲ್ಬ್ ಕೇಳಿದರೆ ಎದುರಿಗೆ ಬರುವ ಮೊದಲ ಪ್ರಶ್ನೆ "ಎಷ್ಟು ವ್ಯಾಟಿಂದು ಕೊಡ್ಲಿ?" ಹೆಚ್ಚಿನವರ ಉತ್ತರವೂ ಸಿದ್ಧವಿರುತ್ತದೆ: ಒಂಬತ್ತು. 2015ರ ಜನವರಿಯಲ್ಲಿ ಕೇಂದ್ರದ ಉಜಾಲಾ ಯೋಜನೆ ಶುರುವಾಯಿತು. ನಮ್ಮಲ್ಲಿ ಅದೇ 'ಹೊಸ ಬೆಳಕು' ಆಗಿ 9 ವ್ಯಾಟಿನ ಬಲ್ಬುಗಳು ಮನೆಮನೆಗೆ ಬಂದವು. ಅಲ್ಲಿಂದಾಚೆಗೆ ಹಾಲಿಗೂ ಒಂಬತ್ತೇ, ಬಚ್ಚಲಿಗೂ ಒಂಬತ್ತೇ. ಆದರೆ ವ್ಯಾಟ್ ಹೇಳುವುದು ಬಲ್ಬ್ ಎಷ್ಟು ಕರೆಂಟು ತಿನ್ನುತ್ತದೆ ಎಂಬುದನ್ನು ಮಾತ್ರ. ಎಷ್ಟು ಬೆಳಕು ಕೊಡುತ್ತದೆ ಎಂಬುದಕ್ಕೆ ಲುಮೆನ್ ನೋಡಬೇಕು. ಎಷ್ಟು ಕಾಲ ಬಾಳುತ್ತದೆ ಎಂಬುದು ಬಹುಪಾಲು ಬಲ್ಬನ್ನು ಎಲ್ಲಿ ಹಾಕುತ್ತೀರಿ ಎಂಬುದರ ಮೇಲೆ ನಿಂತಿದೆ. ಒಳ್ಳೆಯ ಕಂಪನಿಯ ಬಲ್ಬನ್ನು ಕೆಟ್ಟ ಜಾಗಕ್ಕೆ ಹಾಕಿ "ಎಲ್‌ಇಡಿ ಬಾಳಿಕೆ ಬರಲ್ಲ" ಎನ್ನುವವರೇ ಜಾಸ್ತಿ.

ಮೊದಲು ಲುಮೆನ್ ಲೆಕ್ಕ ಮುಗಿಸೋಣ. ಹಳೆಯ 40 ವ್ಯಾಟಿನ ಹಳದಿ ಬಲ್ಬ್ ಸುಮಾರು 400 ಲುಮೆನ್ ಕೊಡುತ್ತಿತ್ತು, 60ರದ್ದು 700ರ ಆಸುಪಾಸು, 100ರದ್ದು 1,300ರ ಮೇಲೆ. ಈಗಿನ ಸಾಧಾರಣ ಎಲ್‌ಇಡಿ ಒಂದು ವ್ಯಾಟಿಗೆ 90ರಿಂದ 100 ಲುಮೆನ್ ಕೊಡುತ್ತದೆ. ಅಂದರೆ 60ರ ಜಾಗಕ್ಕೆ 8 ಅಥವಾ 9 ವ್ಯಾಟ್, 100ರ ಜಾಗಕ್ಕೆ 14 ಅಥವಾ 15 ವ್ಯಾಟ್. ಪೆಟ್ಟಿಗೆಯ ಮೇಲಿನ ಲುಮೆನ್ ಅಂಕಿಯನ್ನು ವ್ಯಾಟಿನಿಂದ ಭಾಗಿಸಿ. 9 ವ್ಯಾಟಿಗೆ 600 ಲುಮೆನ್ ಎಂದಿದ್ದರೆ ವ್ಯಾಟಿಗೆ 67 ಮಾತ್ರ ಆಯಿತು. ಪಕ್ಕದಲ್ಲೇ 900 ಲುಮೆನ್‌ನದು ಸಿಗುವಾಗ ಅದೇಕೆ ಬೇಕು? ಲುಮೆನ್ ಅಂಕಿಯೇ ಇಲ್ಲದ ಪೆಟ್ಟಿಗೆಯನ್ನು ಕೈಯಿಂದ ಕೆಳಗಿಡಿ.

ಕೋಣೆಗೆ ಎಷ್ಟು ಬೇಕು? ಎಲೆಕ್ಟ್ರಿಷಿಯನ್ನನ್ನು ಕೇಳದೆಯೂ ಲೆಕ್ಕ ಹಾಕಬಹುದು. ಬಿಳಿ ಅಥವಾ ತಿಳಿ ಬಣ್ಣದ ಗೋಡೆ, ಹತ್ತಡಿ ಎತ್ತರದ ಆರ್‌ಸಿಸಿ ತಾರಸಿ ಇರುವ ಮನೆಯಲ್ಲಿ ಚದರ ಅಡಿಗೆ 15ರಿಂದ 20 ಲುಮೆನ್ ಸಾಕು. 10×12 ಅಡಿಯ ಕೋಣೆ ಎಂದರೆ 120 ಚದರ ಅಡಿ. ಸುಮಾರು 2,000 ಲುಮೆನ್. ಇದಕ್ಕೆ 20 ವ್ಯಾಟಿನ ನಾಲ್ಕಡಿ ಎಲ್‌ಇಡಿ ಬ್ಯಾಟನ್ (ಟ್ಯೂಬ್‌ಲೈಟಿನಂಥ ಉದ್ದ ದೀಪ) ಒಂದೇ ಸಾಕಾಗುತ್ತದೆ. ಅದೇ ಕೋಣೆ ಮಲೆನಾಡಿನ ಹಳೆ ಮನೆಯಲ್ಲಿದ್ದರೆ ಲೆಕ್ಕ ಬೇರೆ. ಮೇಲೆ ಮರದ ಅಟ್ಟ, ಕೆಳಗೆ ಕೆಂಪು ಗಾರೆ ನೆಲ, ಹೊಗೆ ಹಿಡಿದ ಗೋಡೆ ಇದ್ದಲ್ಲಿ ಬಿದ್ದ ಬೆಳಕು ವಾಪಸ್ ಚಿಮ್ಮುವುದೇ ಇಲ್ಲ. ಅಲ್ಲಿ ಚದರ ಅಡಿಗೆ 30 ಲುಮೆನ್ ಹಿಡಿಯಿರಿ, ಅದನ್ನೂ ಒಂದೇ ದೀಪದಲ್ಲಿ ಸುರಿಯದೆ ಎರಡು ಕಡೆಗೆ ಹಂಚಿ. ಒಂದೇ ಕಡೆ 20 ವ್ಯಾಟಿನ ಬಲ್ಬ್ ಹಾಕಿದರೆ ಕಣ್ಣಿಗೆ ಚುಚ್ಚುತ್ತದೆ, ಮೂಲೆಗಳಲ್ಲಿ ಮಾತ್ರ ಕತ್ತಲು ಹಾಗೇ ಕೂತಿರುತ್ತದೆ.

ಅಡುಗೆಮನೆಯಲ್ಲಿ ಕೋಣೆಯ ಮಧ್ಯದ ದೀಪ ನಂಬಿದರೆ ಕೆಲಸ ಕೆಡುತ್ತದೆ. ಕಟ್ಟೆಯ ಮುಂದೆ ನಿಂತವರ ನೆರಳೇ ಈಳಿಗೆಯ ಮೇಲೆ ಬೀಳುತ್ತದೆ. ಮೇಲಿನ ಕಪಾಟಿನ ತಳದಲ್ಲಿ, ಮುಂಭಾಗದ ಅಂಚಿಗೆ ಹತ್ತಿರವಾಗಿ, ಎರಡಡಿ ಅಥವಾ ಮೂರಡಿಯ ಸಣ್ಣ ಬ್ಯಾಟನ್ ಹಾಕಿ. ಆರಡಿ ಉದ್ದದ ಕಟ್ಟೆಗೆ 600 ಲುಮೆನ್, ಅಂದರೆ 6-7 ವ್ಯಾಟ್ ಸಾಕು. ಮೇಲಿನ ದೊಡ್ಡ ದೀಪಕ್ಕೆ ಇನ್ನೂ ಹತ್ತು ವ್ಯಾಟ್ ಕೂಡಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಬಣ್ಣದ ವಿಷಯ

ಪೆಟ್ಟಿಗೆಯ ಮೇಲೆ 2700ಕೆ, 3000ಕೆ, 4000ಕೆ, 6500ಕೆ ಎಂದು ಬರೆದಿರುತ್ತದೆ. ಅಂಕಿ ಕಡಿಮೆಯಾದಷ್ಟೂ ಹಳದಿ, ಏರಿದಷ್ಟೂ ನೀಲಿಗೆ ವಾಲಿದ ಬಿಳುಪು. 2700-3000 ಎಂದರೆ ವಾರ್ಮ್ ವೈಟ್, 4000 ನ್ಯಾಚುರಲ್ ವೈಟ್, 6500 ಕೂಲ್ ಡೇಲೈಟ್. ನಮ್ಮ ಕಡೆ ಅಂಗಡಿಯವರು ಕೇಳದೆಯೇ ಕೈಗಿಡುವುದು 6500. ಬಿಳಿ ಇದ್ದಷ್ಟೂ ಬೆಳಕು ಜಾಸ್ತಿ ಎಂಬ ನಂಬಿಕೆ ಬೇರೂರಿದೆ. ಟ್ಯೂಬ್‌ಲೈಟ್ ಕಾಲದ ಅಭ್ಯಾಸವೂ ಇರಬಹುದು. ಓದುವ ಮೇಜು, ಹೊಲಿಗೆ ಯಂತ್ರ, ಅಡುಗೆ ಕಟ್ಟೆಗೆ 4000 ಸರಿಹೋಗುತ್ತದೆ. ಮಲಗುವ ಕೋಣೆ, ದೇವರ ಮನೆ, ಜಗಲಿಗೆ 2700-3000 ಹಾಕಿ. ರಾತ್ರಿ ಹೊತ್ತು ನೀಲಿ ಹೆಚ್ಚಿರುವ ಬೆಳಕಿನಡಿ ಕೂತರೆ ನಿದ್ದೆ ತಡವಾಗುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಹುಳುಗಳದ್ದು. ಮಳೆ ಶುರುವಾದ ವಾರ ಜಗಲಿಯ ದೀಪಕ್ಕೆ ಮುತ್ತುವ ದೀಪದ ಹುಳುಗಳಿಗೆ ನೀಲಿ ಬೆಳಕು ಹೆಚ್ಚು ಇಷ್ಟ. ವಾರ್ಮ್ ವೈಟ್ ಹಾಕಿದರೆ ಪೂರ್ತಿ ನಿಲ್ಲುವುದಿಲ್ಲ, ಕಾಟ ಕಡಿಮೆಯಾಗುತ್ತದೆ. ಒಂದೇ ಕೋಣೆಯಲ್ಲಿ ಒಂದು ಹಳದಿ ಒಂದು ಬಿಳಿ ಬೆರೆಸಲು ಮಾತ್ರ ಹೋಗಬೇಡಿ, ಗೋಡೆಯೇ ತೇಪೆ ಹಾಕಿದಂತೆ ಕಾಣುತ್ತದೆ.

ಸ್ವಿಚ್ ಒತ್ತಿ ಒತ್ತಿ ಮೂರು ಬಣ್ಣ ಬದಲಿಸುವ ಬಲ್ಬುಗಳೂ ಬಂದಿವೆ. ನೋಡಲು ಚೆಂದ. ಆದರೆ ಅವು ಬಣ್ಣ ಬದಲಿಸುವುದು ಕರೆಂಟು ಹೋಗಿ ಬರುವುದನ್ನು ನೋಡಿ. ಕರೆಂಟು ಕಣ್ಣಾಮುಚ್ಚಾಲೆ ಆಡುವ ಊರಲ್ಲಿ ಊಟಕ್ಕೆ ಕೂತ ಹೊತ್ತಿಗೆ ಹಾಲಿನ ದೀಪ ಹಳದಿಯಿಂದ ನೀಲಿಗೆ, ನೀಲಿಯಿಂದ ಹಳದಿಗೆ ತಾನೇ ತಿರುಗುತ್ತಿರುತ್ತದೆ. ಮೊಬೈಲಿನಿಂದ ನಡೆಸುವ ಸ್ಮಾರ್ಟ್ ಬಲ್ಬುಗಳಿಗೂ ಇಂಥದೇ ರೋಗ: ರಾತ್ರಿ ಎರಡು ಗಂಟೆಗೆ ಕರೆಂಟು ವಾಪಸ್ ಬಂದಾಗ ಕೆಲವು ಪೂರ್ತಿ ಬೆಳಕಿನಲ್ಲಿ ಹೊತ್ತಿಕೊಳ್ಳುತ್ತವೆ. ಆ್ಯಪ್‌ನಲ್ಲಿ ಕರೆಂಟು ಬಂದಾಗ ಹಿಂದಿನ ಸ್ಥಿತಿಯಲ್ಲೇ ಇರಲಿ ಎಂಬ ಆಯ್ಕೆ ಇದೆಯೇ ನೋಡಿ ಕೊಳ್ಳಿ.

ಸಿಆರ್‌ಐ ಎಂಬ ಇನ್ನೊಂದು ಅಂಕಿ ಇರುತ್ತದೆ. ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದಕ್ಕೆ ನೂರಕ್ಕೆ ಇಷ್ಟು ಎಂಬ ಅಂಕ. 80ಕ್ಕಿಂತ ಕೆಳಗಿನದು ಮನೆಗೆ ಬೇಡ. ಬಟ್ಟೆಯ ಕಪಾಟು, ಕನ್ನಡಿ, ಅಡುಗೆಮನೆ ಇರುವಲ್ಲಿ 90 ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ತೆಗೆದುಕೊಳ್ಳಿ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು: ಬಲ್ಬ್ ಉರಿಸಿ ಅಂಗೈಯನ್ನು ಅದರಡಿ ಹಿಡಿಯಿರಿ. ಚರ್ಮ ಬೂದಿ ಬಡಿದ ಹಾಗೆ ಅಥವಾ ಹಸಿರುಗಟ್ಟಿದ ಹಾಗೆ ಕಂಡರೆ ಕೆಂಪು ಭಾಗ ಆ ಬೆಳಕಿನಲ್ಲಿ ಇಲ್ಲವೆಂದೇ ಅರ್ಥ. ಆ ಬೆಳಕಿನಡಿ ಬ್ಯಾಡಗಿ ಮೆಣಸಿನ ಪುಡಿಯೂ ಕಂದು ಕಾಣುತ್ತದೆ, ಕುಂಕುಮ ಬಣ್ಣದ ಸೀರೆಯೂ ಸಪ್ಪೆ.

ಬಲ್ಬ್ ಸಾಯುವುದು ಹೇಗೆ

ಇದು ತಿಳಿದರೆ ಆಯ್ಕೆ ಅರ್ಧ ಮುಗಿದಂತೆ. ಉರಿಯದ ಬಲ್ಬಿನ ಬಿಳಿ ಪ್ಲಾಸ್ಟಿಕ್ ಗುಮ್ಮಟ ತೆಗೆದು ನೋಡಿದರೆ ಬಿಳಿ ಅಲ್ಯುಮಿನಿಯಂ ತಟ್ಟೆಯ ಮೇಲೆ ಹತ್ತು ಹನ್ನೆರಡು ಹಳದಿ ಚೌಕಗಳು ಕಾಣುತ್ತವೆ. ಅವೇ ಎಲ್‌ಇಡಿ ಚಿಪ್ಪುಗಳು. ಬಹಳ ಸಲ ಅವುಗಳಲ್ಲಿ ಒಂದರ ನಡುವೆ ಮಾತ್ರ ಸಾಸಿವೆಯಷ್ಟು ಕಪ್ಪು ಚುಕ್ಕೆ ಇರುತ್ತದೆ. ಎಲ್ಲ ಚಿಪ್ಪುಗಳೂ ಸಾಲಾಗಿ ಒಂದರ ಹಿಂದೊಂದು ಜೋಡಿಸಿರುವುದರಿಂದ ಒಂದು ಸುಟ್ಟರೆ ಇಡೀ ಸಾಲು ಆರುತ್ತದೆ. ಆ ಸುಟ್ಟ ಚಿಪ್ಪನ್ನು ಬೆಸುಗೆ ಹಾಕಿ ಜೋಡಿಸಿ ಬಲ್ಬ್ ಬದುಕಿಸುವ ವಿಡಿಯೊಗಳು ಬೇಕಾದಷ್ಟಿವೆ. ಅದು ಬೇಡ. ಅಗ್ಗದ ಬಲ್ಬುಗಳಲ್ಲಿ ಮೇನ್ಸ್ ಕರೆಂಟಿಗೂ ಆ ತಟ್ಟೆಯ ಮೇಲಿನ ಚಿಪ್ಪುಗಳಿಗೂ ನಡುವೆ ಪ್ರತ್ಯೇಕತೆಯೇ ಇರುವುದಿಲ್ಲ. ಗುಮ್ಮಟ ತೆಗೆದ ಬಲ್ಬ್ ಉರಿಯುವಾಗ ಮುಟ್ಟಿದರೆ ಗೋಡೆಯ ಪ್ಲಗ್ಗಿಗೆ ಬೆರಳಿಟ್ಟಷ್ಟೇ ಅಪಾಯ. ಬದುಕಿದ ಬಲ್ಬೂ ಹೆಚ್ಚು ದಿನ ಬಾಳದು, ಏಕೆಂದರೆ ಮೊದಲನೆಯ ಚಿಪ್ಪನ್ನು ಸುಟ್ಟ ಶಾಖ ಅಲ್ಲೇ ಇದೆ.

ಶಾಖವೇ ಮೊದಲ ಶತ್ರು. 9 ವ್ಯಾಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖವಾಗಿಯೇ ಹೋಗುತ್ತದೆ. ಹಳೆ ಬಲ್ಬ್ ಶಾಖವನ್ನು ಬೆಳಕಿನ ಜೊತೆಗೇ ಮುಂದಕ್ಕೆ ಎಸೆಯುತ್ತಿತ್ತು, ಎಲ್‌ಇಡಿ ಅದನ್ನು ಹಿಂದಕ್ಕೆ, ಕುತ್ತಿಗೆಯ ಕಡೆಗೆ ತಳ್ಳುತ್ತದೆ. ಆ ಕುತ್ತಿಗೆಯೊಳಗೇ ಡ್ರೈವರ್, ಅಂದರೆ ಮೇನ್ಸ್ ಕರೆಂಟನ್ನು ಚಿಪ್ಪುಗಳಿಗೆ ಹೊಂದಿಸಿ ಕೊಡುವ ಸರ್ಕ್ಯೂಟ್ ಕೂತಿದೆ, ಅದರಲ್ಲಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಎಂಬ ಬಿಡಿಭಾಗ ಇದೆ. ಶಾಖ 10 ಡಿಗ್ರಿ ಏರಿದರೆ ಆ ಕೆಪಾಸಿಟರ್‌ನ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಪೆಟ್ಟಿಗೆಯ ಮೇಲಿನ 25,000 ಗಂಟೆಯನ್ನು ದಿನಕ್ಕೆ ಆರು ಗಂಟೆಯಂತೆ ಲೆಕ್ಕ ಹಾಕಿದರೆ ಹನ್ನೊಂದು ವರ್ಷ ದಾಟಬೇಕು. ಗಾಳಿಯಾಡುವ ಹೋಲ್ಡರಿನಲ್ಲಿ ಅದರ ಹತ್ತಿರಕ್ಕಾದರೂ ಬರಬಹುದು. ಎಲ್ಲ ಕಡೆ ಮುಚ್ಚಿದ ಗಾಜಿನ ಡೂಮಿನೊಳಗೆ, ತಲೆಕೆಳಗಾಗಿ ನೇತಾಡುತ್ತ, ಏರಿದ ಶಾಖವೆಲ್ಲ ಡ್ರೈವರ್ ಸುತ್ತಲೇ ನಿಂತರೆ ಒಂದೆರಡು ವರ್ಷಕ್ಕೇ ಮುಗಿಯಬಹುದು.

ಆದ್ದರಿಂದ ಮುಚ್ಚಿದ ಡೂಮಿಗೆ 5ರಿಂದ 7 ವ್ಯಾಟ್ ದಾಟಬೇಡಿ. ಇನ್ನೂ ಬೆಳಕು ಬೇಕಿದ್ದರೆ ಡೂಮನ್ನೇ ಬಿಟ್ಟು ಸರ್ಫೇಸ್ ಪ್ಯಾನೆಲ್ (ತಾರಸಿಗೆ ಅಂಟಿ ಕೂರುವ ಚಪ್ಪಟೆ ದೀಪ) ಹಾಕಿ. ಅದರ ಹಿಂಬದಿಯ ಇಡೀ ತಗಡು ಶಾಖ ಬಿಡುತ್ತದೆ. 15 ವ್ಯಾಟಿನ ಮೇಲಿನ ಬಲ್ಬುಗಳು ತೆರೆದ ಹೋಲ್ಡರಿಗೆ ಮಾತ್ರ. ಒಂದೇ ಅಳತೆಯ ಎರಡು ಬಲ್ಬ್ ಎದುರಿಗಿದ್ದರೆ ಕೈಯಲ್ಲಿ ತೂಗಿ ನೋಡಿ. ಭಾರವಾದದ್ದರಲ್ಲಿ ಶಾಖ ಹೀರುವ ಲೋಹ ಹೆಚ್ಚಿರುವ ಸಾಧ್ಯತೆ ಇದೆ. ಒರಟು ಪರೀಕ್ಷೆಯೇ, ಆದರೂ ಕೌಂಟರಿನ ಮುಂದೆ ಕೈಗೆಟಕುವುದು ಅಷ್ಟೇ.

ಎರಡನೆಯ ಶತ್ರು ವೋಲ್ಟೇಜ್. ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಟ್ಟ ಹೊತ್ತಿನಲ್ಲಿ ಮನೆಯ ವೋಲ್ಟೇಜ್ ಪಾತಾಳಕ್ಕಿಳಿಯುತ್ತದೆ, ಮೋಟಾರುಗಳೆಲ್ಲ ನಿಂತ ಕೂಡಲೇ ಮೇಲಕ್ಕೆ ನೆಗೆಯುತ್ತದೆ. ಪೆಟ್ಟಿಗೆಯ ಮೇಲೆ 220–240 ವೋಲ್ಟ್ ಎಂದಷ್ಟೇ ಇರುವ ಬಲ್ಬ್ ಇಂಥ ಕಡೆಗಲ್ಲ. 100–300 ವೋಲ್ಟ್ ಅಥವಾ ಅದಕ್ಕೆ ಹತ್ತಿರದ ವ್ಯಾಪ್ತಿ ಇರಲಿ. ಸರ್ಜ್, ಅಂದರೆ ಒಮ್ಮೆಲೇ ನುಗ್ಗುವ ವೋಲ್ಟೇಜ್ ತಡೆಯುವ ಶಕ್ತಿಯನ್ನು 2.5 ಕೆವಿ (ಕಿಲೋವೋಲ್ಟ್), 4 ಕೆವಿ ಎಂದು ಬರೆದಿರುತ್ತಾರೆ. ಗುಡುಗು ಮಿಂಚು ಹೆಚ್ಚಿರುವ ಕಡೆ, ಉದ್ದ ಓವರ್‌ಹೆಡ್ ಲೈನಿನ ಕೊನೆಯ ಮನೆಗಳಲ್ಲಿ, 4 ಕೆವಿಯದೇ ಬೇಕು.

ಬಲ್ಬ್ ಹೋದ ರೀತಿಯೇ ಕಾರಣ ಹೇಳುತ್ತದೆ. ಒಂದೇ ಹೋಲ್ಡರಿನಲ್ಲಿ ಹಾಕಿದ್ದೆಲ್ಲ ಹೋಗುತ್ತಿದ್ದರೆ ಅಲ್ಲಿ ಶಾಖ ಕಟ್ಟುತ್ತಿದೆ, ಇಲ್ಲವೇ ಹೋಲ್ಡರಿನ ಪಿನ್ ಸಡಿಲವಾಗಿದೆ. ಒಳಗಿನ ಸ್ಪ್ರಿಂಗ್ ಸೋತು, ಹಿತ್ತಾಳೆ ಪಿನ್ನಿನ ಮೇಲೆ ಕಪ್ಪು ಮಸಿ ಕೂತಿದ್ದರೆ ಪ್ರತಿ ಸಲವೂ ಸಣ್ಣ ಕಿಡಿ ಹಾರುತ್ತಿರುತ್ತದೆ. ಕರಾವಳಿಯ ಉಪ್ಪುಗಾಳಿಗೆ ಇದು ಇನ್ನೂ ಬೇಗ. ಹೋಲ್ಡರ್ ಬದಲಿಸಿ, ಬಲ್ಬನ್ನಲ್ಲ. ಒಂದೇ ದಿನ ನಾಲ್ಕೈದು ಬಲ್ಬ್ ಒಟ್ಟಿಗೆ ಹೋದರೆ ಬಲ್ಬನ್ನು ಬೈಯಬೇಡಿ. ಕಂಬದಲ್ಲಿ ಅಥವಾ ಟೀಸಿಯಲ್ಲಿ (ಟ್ರಾನ್ಸ್‌ಫಾರ್ಮರ್) ನ್ಯೂಟ್ರಲ್ ಕಡಿದಿರಬಹುದು. ಆಗ 230 ಬರಬೇಕಾದ ಮನೆಗೆ 400 ವೋಲ್ಟಿನವರೆಗೂ ನುಗ್ಗಬಹುದು. ಮೇನ್ ಸ್ವಿಚ್ ಇಳಿಸಿ, ಲೈನ್‌ಮ್ಯಾನ್‌ಗೆ ಹೇಳಿ, ಸರಿಯಾಗುವ ತನಕ ಫ್ರಿಜ್ಜು ಟೀವಿ ಹಚ್ಚಬೇಡಿ.

ಸ್ವಿಚ್ ಆರಿಸಿದರೂ ಬಲ್ಬ್ ಮಿಣಮಿಣ ಎನ್ನುತ್ತಿದ್ದರೆ ಅದು ದೆವ್ವವೂ ಅಲ್ಲ, ಬಲ್ಬಿನ ದೋಷವೂ ಅಲ್ಲ. ಸ್ವಿಚ್ಚನ್ನು ಫೇಸಿಗೆ ಹಾಕುವ ಬದಲು ನ್ಯೂಟ್ರಲ್ಲಿಗೆ ಹಾಕಿರುವುದು ಇದರ ಮಾಮೂಲಿ ಕಾರಣ. ಆರಿಸಿದ ಮೇಲೂ ಹೋಲ್ಡರಿನಲ್ಲಿ ಫೇಸ್ ಇದ್ದೇ ಇರುತ್ತದೆ. ಬಲ್ಬ್ ಬದಲಿಸುವವರ ಕೈಗೆ ಶಾಕ್ ಹೊಡೆಯುವುದೂ ಇಂಥ ಕಡೆಯೇ, ಹಾಗಾಗಿ ಎಲೆಕ್ಟ್ರಿಷಿಯನ್ ಕರೆಸಿ ಅದಲುಬದಲು ಮಾಡಿಸಿಬಿಡಿ. ಕೆಂಪು ಇಂಡಿಕೇಟರ್ ಇರುವ ಸ್ವಿಚ್ಚಿನ ಮೂಲಕ ಸೋರುವ ಚೂರು ಕರೆಂಟು, ಮೆಟ್ಟಿಲ ದೀಪದ ಟೂ-ವೇ ವೈರಿಂಗಿನಲ್ಲಿ ಅಕ್ಕಪಕ್ಕ ಹಾದ ಉದ್ದ ವೈರು, ಇವೂ ಹೀಗೆ ಮಾಡುತ್ತವೆ. ಅದರಿಂದ ಅಪಾಯವಿಲ್ಲ. ಇಂಡಿಕೇಟರ್ ತೆಗೆಸಿದರೆ ಮೊದಲನೆಯದು ನಿಲ್ಲುತ್ತದೆ.

ಉರಿಯುವಾಗಲೇ ನಡುಗುವ ಬೆಳಕು ಬೇರೆ. ನಮ್ಮ ಮೇನ್ಸ್ 50 ಹರ್ಟ್ಸ್ ಆದ್ದರಿಂದ ಅಗ್ಗದ ಡ್ರೈವರಿನ ಬಲ್ಬ್ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಕಣ್ಣಿಗೆ ನೇರ ಕಾಣದಿದ್ದರೂ ಓದುತ್ತ ಕೂತವರಿಗೆ ತಲೆನೋವು ತರಬಹುದು. ಮೊಬೈಲ್ ಕ್ಯಾಮೆರಾವನ್ನು ಸ್ಲೋ ಮೋಷನ್‌ಗೆ ಇಟ್ಟು ಬಲ್ಬಿನತ್ತ ಹಿಡಿದರೆ ಸಿಕ್ಕಿಬೀಳುತ್ತದೆ. ಮೊಬೈಲೂ ಬೇಡವೆಂದರೆ ಬೆಳಕಿನಡಿ ಒಂದು ಪೆನ್ಸಿಲನ್ನು ಬೀಸಣಿಗೆಯ ಹಾಗೆ ಜೋರಾಗಿ ಆಡಿಸಿ. ಮಸುಕಾದ ಒಂದೇ ಪಟ್ಟಿ ಕಂಡರೆ ಒಳ್ಳೆಯದು, ಬಿಡಿಬಿಡಿಯಾಗಿ ಹತ್ತಾರು ಪೆನ್ಸಿಲ್ ಕಂಡರೆ ಬಲ್ಬ್ ವಾಪಸ್ ಕೊಡಿ. ಹೊಲಿಗೆ ಯಂತ್ರ, ಕೊರೆಯುವ ಯಂತ್ರ ಇರುವ ಕಡೆ ಇದು ಬರೀ ಕಿರಿಕಿರಿಯಲ್ಲ. ತಿರುಗುತ್ತಿರುವ ಭಾಗ ನಿಂತಂತೆ ಕಂಡು ಬೆರಳು ಹೋದೀತು. ಡಿಮ್ಮರ್ (ಬೆಳಕು ಹೆಚ್ಚು ಕಡಿಮೆ ಮಾಡುವ ಗುಂಡಿ) ಇರುವ ಪಾಯಿಂಟಿಗೆ ಡಿಮ್ಮಬಲ್ ಎಂದು ಬರೆದದ್ದನ್ನೇ ಹಾಕಬೇಕು.

ಟ್ಯೂಬು, ಪಿಒಪಿ ದೀಪ, ಇನ್ವರ್ಟರ್ ಬಲ್ಬು

ಹಳೆ ಟ್ಯೂಬ್‌ಲೈಟ್ ಪಟ್ಟಿಗೆ ಎಲ್‌ಇಡಿ ಟ್ಯೂಬ್ ಮಾತ್ರ ತಂದು ಸಿಕ್ಕಿಸುವವರಿದ್ದಾರೆ. ಅದಕ್ಕೆ ಚೋಕ್ ಬೈಪಾಸ್ ಮಾಡಬೇಕು, ಸ್ಟಾರ್ಟರ್ ತೆಗೆಯಬೇಕು. ಮೇಲಾಗಿ ಕೆಲವು ಟ್ಯೂಬುಗಳಿಗೆ ಫೇಸ್-ನ್ಯೂಟ್ರಲ್ ಎರಡೂ ಒಂದೇ ತುದಿಯಲ್ಲಿ, ಕೆಲವಕ್ಕೆ ಎರಡು ತುದಿಗಳಲ್ಲಿ. ಟ್ಯೂಬಿನ ಮೇಲೆ ಅಂಟಿಸಿದ ಚಿತ್ರ ನೋಡದೆ ಕೈಯಿಟ್ಟರೆ ಶಾರ್ಟ್ ಆಗುತ್ತದೆ. ಇಷ್ಟೆಲ್ಲ ಯಾಕೆ? ಹಳೆ ಪಟ್ಟಿ ಬಿಚ್ಚಿ ಎರಡು ಸ್ಕ್ರೂ ಹೊಡೆದು 20 ವ್ಯಾಟಿನ ಬ್ಯಾಟನ್ ಕೂರಿಸಿ. ಹಳೆಯ 40ರ ಟ್ಯೂಬು ಚೋಕ್ ಸೇರಿ ಸುಮಾರು 50 ವ್ಯಾಟ್ ತಿನ್ನುತ್ತಿತ್ತು.

ಪಿಒಪಿ ಸೀಲಿಂಗಿನ ಡೌನ್‌ಲೈಟುಗಳಲ್ಲಿ ಡ್ರೈವರ್ ಬಹುಮಟ್ಟಿಗೆ ಬೇರೆಯಾಗಿ, ಸೀಲಿಂಗಿನ ಒಳಗೆ ಸಣ್ಣ ಡಬ್ಬಿಯಂತೆ ಇರುತ್ತದೆ. ದೀಪ ಆರಿದರೆ ಕೆಟ್ಟಿರುವುದು ಹೆಚ್ಚಾಗಿ ಡ್ರೈವರ್, ಪ್ಯಾನೆಲ್ ಅಲ್ಲ. ಎರಡು ಸ್ಪ್ರಿಂಗ್ ಕ್ಲಿಪ್ ಒತ್ತಿ ದೀಪ ಕೆಳಗಿಳಿಸಿ ಡಬ್ಬಿಯ ಚೀಟಿ ಓದಿ. 12 ವ್ಯಾಟಿನದಾದರೆ ಔಟ್‌ಪುಟ್ ಹತ್ತಿರ 30–42 ವೋಲ್ಟ್ ಡಿಸಿ, 300 ಮಿಲಿಆಂಪ್ ಎಂಬ ರೀತಿ ಇರುತ್ತದೆ. ಹೊಸ ಡ್ರೈವರಿನ ಮಿಲಿಆಂಪ್ ಅಂಕಿ ಇದೇ ಆಗಿರಬೇಕು, ವೋಲ್ಟೇಜ್ ವ್ಯಾಪ್ತಿ ಹಳೆಯದನ್ನು ಒಳಗೊಂಡಿರಬೇಕು. 300ರ ಜಾಗಕ್ಕೆ 450 ಹಾಕಿದರೆ ದೀಪ ಝಗ್ಗನೆ ಉರಿದು ಖುಷಿ ಕೊಟ್ಟು, ಬೇಗನೆ ಸುಡುತ್ತದೆ. ಮೊದಲು ಪ್ಯಾನೆಲ್ಲಿನ ಪಿನ್ ಜೋಡಿಸಿ, ಆಮೇಲೆ ಸ್ವಿಚ್ ಹಾಕಿ. ಉಲ್ಟಾ ಮಾಡಿದರೆ ಡ್ರೈವರಿನೊಳಗೆ ಏರಿ ಕೂತ ವೋಲ್ಟೇಜ್ ಒಮ್ಮೆಲೇ ಹರಿದು ಚಿಪ್ಪುಗಳನ್ನು ಸುಡುತ್ತದೆ. ಎಷ್ಟೋ ಹೊಸ ಪ್ಯಾನೆಲ್ಲುಗಳು ಹೀಗೆಯೇ ಏಣಿಯ ಮೇಲೆ ಪ್ರಾಣ ಬಿಡುತ್ತವೆ. ಹೊಸ ಪ್ಯಾನೆಲ್ ತರುವುದಾದರೆ ಸೀಲಿಂಗಿನ ತೂತಿನ ಅಡ್ಡಳತೆಯನ್ನು ಮಿಲಿಮೀಟರಿನಲ್ಲಿ ಅಳೆದುಕೊಂಡು ಹೋಗಿ. ಒಂದೇ ವ್ಯಾಟಿಗೆ ಬೇರೆ ಬೇರೆ ಕಂಪನಿಯ ತೂತು ಬೇರೆ ಬೇರೆ.

ಒಳಗೇ ಬ್ಯಾಟರಿ ಇರುವ ಇನ್ವರ್ಟರ್ ಬಲ್ಬ್ ಕರೆಂಟು ಹೋದಾಗ ಮೂರು ನಾಲ್ಕು ಗಂಟೆ ಉರಿಯುತ್ತದೆ, ಆದರೆ ಸಾಮಾನ್ಯವಾಗಿ ಕಡಿಮೆ ಬೆಳಕಿನಲ್ಲಿ. ಸ್ವಿಚ್ ಹಾಕಿದ್ದಾಗ ಮಾತ್ರ ಅದು ಚಾರ್ಜ್ ಆಗುವುದು, ಪೂರ್ತಿ ತುಂಬಲು ಎಂಟು ಹತ್ತು ಗಂಟೆ ಬೇಕು. ಅಪರೂಪಕ್ಕೆ ಹೋಗುವ ಉಗ್ರಾಣದಲ್ಲಿ ಹಾಕಿಟ್ಟರೆ ಬ್ಯಾಟರಿ ಬರಿದಾಗಿ ಸಾಯುತ್ತದೆ. ಸಂಜೆಯಿಂದ ಉರಿಯುವ ಅಡುಗೆಮನೆ ಅಥವಾ ಮೆಟ್ಟಿಲ ಬಳಿ ಹಾಕಿ. ಮುಚ್ಚಿದ ಡೂಮಿನೊಳಗೆ ಮಾತ್ರ ಬೇಡವೇ ಬೇಡ, ಲಿಥಿಯಂ ಬ್ಯಾಟರಿಗೆ ಶಾಖ ಆಗದು. ಮನೆಗೆ ಆಗಲೇ ಯುಪಿಎಸ್ ಇದ್ದರೆ ಇದು ಅನಗತ್ಯ ಖರ್ಚು.

ರಾತ್ರಿಯ ಜೀರೋ ಬಲ್ಬ್ ಬಗ್ಗೆ ಒಂದು ಮಾತು. ಹೆಸರಿಗಷ್ಟೇ ಜೀರೋ, ಹಳೆಯದು 12ರಿಂದ 15 ವ್ಯಾಟ್ ತಿನ್ನುತ್ತದೆ. 15 ವ್ಯಾಟ್, ರಾತ್ರಿ ಎಂಟು ಗಂಟೆ, ತಿಂಗಳಿಗೆ 3.6 ಯೂನಿಟ್. ಅದೇ ಕೆಲಸವನ್ನು ಅರ್ಧ ವ್ಯಾಟಿನ ಎಲ್‌ಇಡಿ 0.12 ಯೂನಿಟ್ಟಿನಲ್ಲಿ ಮಾಡುತ್ತದೆ. 60ರ ಬಲ್ಬನ್ನು 9ಕ್ಕೆ ಬದಲಿಸಿದರೆ ದಿನಕ್ಕೆ ಆರು ಗಂಟೆಗೆ ತಿಂಗಳಿಗೆ 10.8 ಯೂನಿಟ್ ಇದ್ದ ಖರ್ಚು 1.62ಕ್ಕೆ ಇಳಿಯುತ್ತದೆ. 2023ರ ಜುಲೈಯಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುವುದರಿಂದ, ಗಡಿಯ ಅಂಚಿನಲ್ಲಿರುವ ಮನೆಗೆ ಇಂಥ ಮೂರು ನಾಲ್ಕು ಬಲ್ಬ್ ದೊಡ್ಡ ವ್ಯತ್ಯಾಸ ಮಾಡುತ್ತವೆ.

ಕೊಳ್ಳುವಾಗ ಪೆಟ್ಟಿಗೆಯಲ್ಲಿ ಐಎಸ್ 16102 ಮತ್ತು ಆರ್ ಅಕ್ಷರದಿಂದ ಶುರುವಾಗುವ ಎಂಟು ಅಂಕಿಯ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಯ ಯಾವ ಸಾಮಾನಿಗೆ ಕೊಟ್ಟದ್ದು ಎಂಬುದು ಬರುತ್ತದೆ. ಬೇರೆ ಹೆಸರು ಬಂದರೆ ನಕಲಿ ಇರಬಹುದು. ಹೋಲ್ಡರ್ ಬಿ22 ಪಿನ್ನಿನದೋ, ಇ27 ತಿರುಪಿನದೋ ನೋಡಿಕೊಳ್ಳಿ. ತೂಗುದೀಪಗಳಲ್ಲಿ ಸಣ್ಣ ಇ14 ಕೂಡ ಇರುತ್ತದೆ. ಗೇಟಿನ ಕಂಬ, ಮಳೆ ಎರಚುವ ಜಗಲಿಗೆ ಐಪಿ65 (ದೂಳು, ನೀರು ಒಳನುಗ್ಗದಂತೆ ತಡೆಯುವ ಮಟ್ಟ) ಇರುವ ಫಿಟ್ಟಿಂಗೇ ಬೇಕು. ಕೊಂಡ ದಿನವನ್ನು ಮಾರ್ಕರಿನಲ್ಲಿ ಬಲ್ಬಿನ ಕುತ್ತಿಗೆಯ ಮೇಲೇ ಬರೆದು, ಬಿಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ. ಥರ್ಮಲ್ ಕಾಗದದ ಬಿಲ್ಲು ವಾರಂಟಿ ಮುಗಿಯುವ ಮೊದಲೇ ಬಿಳಿಚಿಕೊಳ್ಳುತ್ತದೆ.

ಸತ್ತ ಎಲ್‌ಇಡಿ ಇ-ತ್ಯಾಜ್ಯ, ಹಸಿ ಕಸಕ್ಕೂ ಒಣ ಕಸಕ್ಕೂ ಬೆರೆಸಬಾರದು. ಬದಲಿಸಿ ತೆಗೆದ ಸಿಎಫ್‌ಎಲ್ ಮತ್ತು ಹಳೆ ಟ್ಯೂಬುಗಳಲ್ಲಿ ಪಾದರಸ ಇರುವುದರಿಂದ ಒಡೆಯದಂತೆ ಹಳೆ ಪೆಟ್ಟಿಗೆಯಲ್ಲೇ ಇಟ್ಟು ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ. ಒಡೆದೇ ಹೋದರೆ ಕಿಟಕಿ ತೆರೆದು, ಫ್ಯಾನ್ ಆರಿಸಿ, ಕಾಲು ಗಂಟೆ ಹೊರಗಿರಿ. ಚೂರುಗಳನ್ನು ಪೊರಕೆಯಲ್ಲಿ ಗುಡಿಸದೆ ಗಟ್ಟಿ ರಟ್ಟಿನಿಂದ ಎತ್ತಿ, ಉಳಿದ ಪುಡಿಯನ್ನು ಒದ್ದೆ ಕಾಗದದಲ್ಲಿ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ.